ದೊಡ್ಡದು ಮಾಡಿ

ಸತ್ತವರ ಮಿದುಳಿನ ನಕಾಶೆ ತೆಗೆದು ಯಂತ್ರದೊಳಗೆ ಓಡಿಸಬಹುದು ಎಂದು ಗೊತ್ತಾದಾಗ ಸಾವನ್ನು ಗೆದ್ದೆವು ಎಂದು ಭಾಷಣ ಬಿಗಿದವರು ಬಹಳ ಮಂದಿ. ನಾನು ಆ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಇದ್ದೆ. ಗೆದ್ದದ್ದೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಹೋದವರನ್ನು ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ಮನೆಯವರಿಗೆ ದಿನಕ್ಕೆ ಅರ್ಧ ಗಂಟೆ ಮಾತಾಡಿಸಲು ಬಿಡುತ್ತಿದ್ದೆವು, ಅಷ್ಟೆ.

ನನ್ನ ಹೆಸರು ಓಬಳೇಶ. ಹಿರಿಯೂರಿನ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಮುಖ್ಯಸ್ಥ. ಮುಖ್ಯಸ್ಥ ಎಂದರೆ ಏನೋ ಅಂದುಕೊಳ್ಳಬೇಡಿ. ಮೂರು ಪರದೆ, ಒಂದು ಫೋನು, ಕಾಲು ಕುಂಟುವ ಒಂದು ಕುರ್ಚಿ. ಯಂತ್ರಗಳು ಇದ್ದದ್ದು ಬೇರೆ ಕಡೆ. ಪಾವಗಡದ ಸೋಲಾರ್ ಫಲಕಗಳ ಅಡಿಯಲ್ಲಿ ಒಂದು ಗುಂಪು, ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದಲ್ಲಿ ಇನ್ನೊಂದು, ಅಣೆಕಟ್ಟಿನ ಪಕ್ಕದಲ್ಲಿ ಮತ್ತೊಂದು. ಹತ್ತೊಂಬತ್ತು ವರ್ಷದಲ್ಲಿ ಅವುಗಳಲ್ಲಿ ಒಂದನ್ನೂ ನಾನು ಕೈಯಿಂದ ಮುಟ್ಟಿದವನಲ್ಲ.

ಒಂದು ದೊಡ್ಡ ಯಂತ್ರವನ್ನು ಒಳಗೊಳಗೇ ಸಾವಿರ ಪಾಲು ಮಾಡಿ, ಪ್ರತಿ ಪಾಲಿಗೂ ‘ಈ ಯಂತ್ರವೆಲ್ಲ ನನ್ನದೇ’ ಎಂಬ ಭ್ರಮೆ ಹುಟ್ಟಿಸುವ ಒಂದು ತಂತ್ರಾಂಶ ಇರುತ್ತದೆ. ಅದನ್ನು ನಾವು ಮೇಸ್ತ್ರಿ ಎನ್ನುತ್ತಿದ್ದೆವು. ಪಾಲಿನೊಳಗೆ ಇರುವವರು ನೆಂಟರು, ನಮ್ಮ ಸಂಸ್ಥೆ ಜನರ ಬಾಯಲ್ಲಿ ನೆಂಟರ ಮನೆ. ಮೂರು ಜಾಗದ ಮೇಸ್ತ್ರಿಗಳನ್ನು ಮೂರು ಕಂಪನಿಗಳು ಬರೆದಿದ್ದರಿಂದ ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ. ನಡುವೆ ದುಭಾಷಿಯಂತೆ ಕೂತು, ನಾವು ಹಿರಿಯೂರಿನಿಂದ ಹೇಳಿದ್ದನ್ನು ಅವರವರ ಭಾಷೆಯಲ್ಲಿ ಅವರವರಿಗೆ ತಿಳಿಸುವ ಆಜ್ಞೆಗಳ ಒಂದು ಕಟ್ಟು ಇತ್ತು. ಅದಕ್ಕೆ ಲೈಬ್ರರಿ ಎಂದು ಹೆಸರು. ಹೊಸದಾಗಿ ಸೇರಿದವರು ಪುಸ್ತಕ ಎಲ್ಲಿ ಎಂದು ಹುಡುಕುತ್ತಿದ್ದರು. ಪಾವಗಡದಲ್ಲಿ ಬಿಸಿಲು ಇಳಿಯುತ್ತಿದ್ದಂತೆ ನೆಂಟರನ್ನೆಲ್ಲ ದುರ್ಗದ ಗುಡ್ಡಕ್ಕೆ ಸಾಗಿಸುವುದು ದಿನದ ದೊಡ್ಡ ಕೆಲಸ. ಅವರು ಮಾತಾಡುತ್ತಿರುವಾಗಲೇ ಅವರ ನೆನಪೆಲ್ಲ ಆ ಕಡೆಗೆ ನಕಲಾಗುತ್ತಿತ್ತು. ಕೊನೆಯ ಚೂರು ರೆಪ್ಪೆ ಬಡಿಯುವಷ್ಟರಲ್ಲಿ ದಾಟುತ್ತಿತ್ತು. ‘ಊಟ’ ಎಂಬ ಮಾತಿನ ‘ಊ’ ಪಾವಗಡದಲ್ಲಿ, ‘ಟ’ ದುರ್ಗದಲ್ಲಿ. ಮಾತಾಡಿದವರಿಗೇ ಅದು ಗೊತ್ತಾಗುತ್ತಿರಲಿಲ್ಲ.

ಲೈಬ್ರರಿಯಲ್ಲಿ ಮೊದಲು ಇದ್ದದ್ದು ಇಂಗ್ಲಿಷ್ ಆಜ್ಞೆಗಳು. ಅವನ್ನು ಯಾರೋ ನಿಘಂಟು ಹಿಡಿದು ಕನ್ನಡಕ್ಕೆ ತಂದರು. ಬರೀ ಕರೆಂಟು ತೆಗೆದು ನಿಲ್ಲಿಸುವ ಆಜ್ಞೆಗೆ ‘ನಾಶ ಮಾಡು’ ಎಂದು ಹೆಸರಾಯಿತು. ಹಾಗೆ ನಿಲ್ಲಿಸಿದವರನ್ನು ಮತ್ತೆ ಎಬ್ಬಿಸಬಹುದು, ಅದರಲ್ಲಿ ನಾಶವಾಗುವಂಥದ್ದು ಏನೂ ಇಲ್ಲ. ಆದರೆ ಮಡಕಶಿರಾದ ಕಡೆಯ ಮುದುಕರೊಬ್ಬರು ಹೆಂಡತಿಯ ಹೆಸರಿನ ಮುಂದೆ ಪರದೆಯಲ್ಲಿ ಆ ಮಾತು ಓದಿ ಅಲ್ಲೇ ಕುಸಿದರು. ಆಗ ನಮ್ಮ ಹಿರಿಯ ಅಧಿಕಾರಿಯಾಗಿದ್ದ ಅಂಬುಜಮ್ಮನವರು ಒಂದು ವಾರ ಕೂತು ಎಲ್ಲ ಆಜ್ಞೆಗಳ ಹೆಸರನ್ನೂ ಬದಲಾಯಿಸಿದರು. ಎಬ್ಬಿಸು, ಮಲಗಿಸು, ಕಳಿಸಿಕೊಡು. ಒಬ್ಬ ನೆಂಟನನ್ನು ಪೂರ್ತಿ ಅಳಿಸಿ, ಅವನಿದ್ದ ಜಾಗಕ್ಕೆಲ್ಲ ಸೊನ್ನೆ ತುಂಬಿಸಿ, ಮೂರೂ ಕಡೆಯ ನಕಲುಗಳನ್ನು ತೆಗೆದುಹಾಕುವ ಕೊನೆಯ ಆಜ್ಞೆಗೆ ಏನು ಹೆಸರಿಡುವುದು ಎಂದು ಅವರು ಎರಡು ದಿನ ಯೋಚಿಸಿದರು.

“ದೀಪ ಆರ್ಸು ಅಂತ ಯಾರಾದ್ರೂ ಅಂತಾರೇನ್ರೀ? ದೊಡ್ಡದು ಮಾಡು ಅಂತೀವಲ್ವಾ. ಅದೇ ಇರ್ಲಿ,” ಎಂದರು.

ಒಪ್ಪುವ ಹೆಸರು ಎಂದು ನಮಗೆಲ್ಲ ಅನ್ನಿಸಿತು. ಮನೆಯವರಿಗೂ ಹಿಡಿಸಿತು. ನಿಯಮ ಹೀಗಿತ್ತು: ಮನೆಯವರು ಅರ್ಜಿ ಕೊಡಬೇಕು, ನಾವು ಫೋನು ಮಾಡಿ ವಿಚಾರಿಸಬೇಕು, ಅವರು ತಮ್ಮ ಬಾಯಿಂದಲೇ ‘ದೊಡ್ಡದು ಮಾಡಿ’ ಎನ್ನಬೇಕು. ಆ ದನಿ ದಾಖಲಾದರೆ ಆಜ್ಞೆ ತೆರೆದುಕೊಳ್ಳುತ್ತಿತ್ತು. ಸಾವು, ಅಳಿಸುವುದು, ಮುಗಿಸುವುದು ಎಂಬ ಮಾತುಗಳನ್ನು ಎರಡೂ ಕಡೆಯವರು ಎತ್ತುತ್ತಿರಲಿಲ್ಲ. ಅಲ್ಲಿಂದ ಈಚೆಗೆ ಆರುನೂರಕ್ಕೂ ಹೆಚ್ಚು ಮಂದಿಯ ಬಾಯಿಂದ ನಾನು ಆ ಮಾತು ಕೇಳಿದ್ದೆ. ಒಬ್ಬರೂ ಅದರ ಅರ್ಥ ಕೇಳಿರಲಿಲ್ಲ.

ನೆಂಟರಲ್ಲಿ ಮಕ್ಕಳೂ ಇದ್ದರು. ಬಿಸಿಲುಜ್ವರ ಹಬ್ಬಿದ ವರ್ಷ ಸತ್ತು ಬಂದವರು, ನಲವತ್ತೊಂದು ಮಂದಿ. ಅವರಿಗೆ ಕೊಟ್ಟ ಜಾಗ ಚಿಕ್ಕದು. ಮಕ್ಕಳ ಮನಸ್ಸು ದೊಡ್ಡವರದರಂತೆ ಸುಮ್ಮನೆ ಕೂರುವುದಿಲ್ಲ, ಕಂಡದ್ದನ್ನೆಲ್ಲ ತುಂಬಿಕೊಳ್ಳುತ್ತದೆ. ನಲವತ್ತು ದಿನಕ್ಕೆ ಜಾಗ ತುಂಬುತ್ತಿತ್ತು. ಆಗ ನಾವು ಮಗುವನ್ನು ಮೊದಲ ದಿನದ ಗುರುತಿಗೆ ಹಿಂದಿರುಗಿಸುತ್ತಿದ್ದೆವು. ನಲವತ್ತು ದಿನ ಕಲಿತದ್ದು, ಆಡಿದ್ದು, ಅತ್ತದ್ದು ಎಲ್ಲ ಹೋಗಿ ಮಗು ಮತ್ತೆ ಅದೇ ಬೆಳಿಗ್ಗೆ ಕಣ್ಣು ಬಿಡುತ್ತಿತ್ತು. ದವನ ಎಂಬ ಆರು ವರ್ಷದ ಹುಡುಗಿ ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಅಮ್ಮಾ, ನಂಗೆ ಜ್ವರ ಬಿಡ್ತಾ?” ಮೂರು ವರ್ಷದಲ್ಲಿ ಇಪ್ಪತ್ತೇಳು ಸಲ ಅವಳ ತಾಯಿ “ಬಿಡ್ತು ಕಣಮ್ಮ” ಅಂದಿದ್ದಳು. ಲೈನು ಸರಿಯಿದೆಯೇ ಎಂದು ನೋಡಲು ನಾವು ಮೊದಲ ಎರಡು ನಿಮಿಷ ಕೇಳಿಸಿಕೊಳ್ಳಬೇಕಿತ್ತು. ಹಾಗಾಗಿ ನನಗೆ ಇದು ಗೊತ್ತು.

ಇದು ಮಕ್ಕಳಿಗೆ ಮಾಡುವ ಉಪಕಾರವಲ್ಲ ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ. ಮನೆಯಲ್ಲೂ ಅದೇ ಮಾತು. ನನ್ನ ಹೆಂಡತಿ ಪಾರಿಜಾತ ಕೇಳಿ ಕೇಳಿ ಸಾಕಾಗಿದ್ದಳು.

“ನಿಮ್ಗೆ ಆ ಮಕ್ಳನ್ನ ಕಂಡ್ರೆ ಸಂಕಟವೋ, ಅವ್ರ ಅಪ್ಪ ಅಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚೋ?” ಎಂದಳು ಒಂದು ಸಂಜೆ, ದೇವರ ಮುಂದಿನ ಬತ್ತಿಯನ್ನು ಎಣ್ಣೆಗೆ ಎಳೆಯುತ್ತ.

ನಾನು ಸಿಡುಕಿದೆ. ನಮ್ಮ ಮಗ ಅಭಯ ನಾಲ್ಕು ವರ್ಷದವನಿದ್ದಾಗ ಹೋದ. ನಕಾಶೆ ತೆಗೆಯುವ ಮೊದಲ ಯಂತ್ರ ಜಿಲ್ಲೆಗೆ ಬಂದದ್ದು ಅದಾದ ಎಂಟು ತಿಂಗಳಿಗೆ. ಆ ಎಂಟು ತಿಂಗಳನ್ನು ನಾನು ಯಾರಿಗೂ ಕ್ಷಮಿಸಿಲ್ಲ. ನಮ್ಮ ಮಗುವನ್ನು ಮಣ್ಣಿಗೆ ಕೊಟ್ಟು ನಾವು ಬದುಕಿಲ್ಲವೇ, ಇವರಿಗೇಕೆ ಆಗುವುದಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಹೊರಗೆ ಅದನ್ನು ಕರುಣೆ ಎಂದು ಕರೆಯುತ್ತಿದ್ದೆ.

ದವನಳ ತಾಯಿ ನೇತ್ರಾವತಿಯ ಅರ್ಜಿ ಒಂದು ಮಂಗಳವಾರ ಬಂತು. ಗಂಡ ಹೆಂಡತಿ ಇಬ್ಬರೂ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವವರು. ಕೋರಿಕೆ ಎಂಬ ಕಡೆ ಉರುಟಾದ ಅಕ್ಷರದಲ್ಲಿ ‘ನಮ್ಮ ಮಗುವನ್ನು ದೊಡ್ಡದು ಮಾಡಬೇಕು’ ಎಂದಿತ್ತು. ಕೆಳಗೆ ಇಬ್ಬರ ಸಹಿ. ನನಗೆ ಒಂದು ಬಗೆಯ ಸಮಾಧಾನವಾಯಿತು. ಕೊನೆಗೂ ಒಬ್ಬರಿಗೆ ಬುದ್ಧಿ ಬಂತಲ್ಲ ಅಂದುಕೊಂಡೆ.

ಅದೇ ತಿಂಗಳು ಮಕ್ಕಳ ಜಾಗವನ್ನು ಹೆಚ್ಚಿಸಿ ಅವರು ಬೆಳೆಯಲು ಬಿಡಬಹುದೆಂದು ಸುತ್ತೋಲೆ ಬಂದಿತ್ತು, ಮನೆಯವರಿಗೂ ಸುದ್ದಿ ಮುಟ್ಟಿತ್ತು. ಅದರ ಮೊದಲ ಪುಟದಲ್ಲಿ ‘ಸಾಮರ್ಥ್ಯ ವಿಸ್ತರಣಾ ಯೋಜನೆ’ ಎಂದಷ್ಟೇ ಇತ್ತು, ಮಕ್ಕಳ ಮಾತು ಇದ್ದದ್ದು ಎರಡನೆಯದರಲ್ಲಿ. ಹೊಸ ಅರ್ಜಿ ಅಚ್ಚಾಗುವ ತನಕ ಹಳೆಯದರಲ್ಲೇ ಬರೆಯಿಸಿಕೊಳ್ಳಿ ಎಂದೂ ಅಲ್ಲೇ ಇತ್ತು. ನಾನು ಅದಕ್ಕೆ ಸಹಿ ಹಾಕಿ ಫೈಲಿಗೆ ಸೇರಿಸಿದ್ದೆ. ಮೊದಲ ಪುಟ ಬಿಟ್ಟು ಮುಂದೆ ಓದಿರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಫೋನು ಮಾಡಿದೆ. ಆ ಮಾತುಕತೆ ನನಗೆ ಬಾಯಿಪಾಠ.

“ನೇತ್ರಾವತಿಯವ್ರಾ? ನೆಂಟರ ಮನೆಯಿಂದ. ಅರ್ಜಿ ಕೊಟ್ಟಿದೀರಲ್ಲ, ದವನಳ ವಿಷ್ಯ.”

“ಹೂಂ ಸಾ. ಬಂತಾ?”

“ಬಂತಮ್ಮ. ಮನೇವ್ರೆಲ್ಲ ಒಪ್ಪಿದೀರಾ?”

“ಒಪ್ಪೀವಿ ಸಾ. ನಮ್ಮೆಜಮಾನ್ರೂ ಸೈನ್ ಆಕವ್ರೆ. ಎಷ್ಟು ದಿನಾಂತ ಇಂಗೇ ನೋಡಾದು ಸಾ? ತಿರುಗ ಮುರುಗ ಅದೇ ಆಯ್ತದೆ. ನಮ್ ಕೈಲಿ ಆಗಾಕಿಲ್ಲ.”

“ಅರ್ಥ ಆಗುತ್ತಮ್ಮ. ಒಳ್ಳೆ ನಿರ್ಧಾರ ಮಾಡಿದೀರಿ. ಮೊದ್ಲು ಒಂದ್ಸಲ ಮಾತಾಡ್ತೀರಾ ಅವಳ ಹತ್ರ?”

“ಬೆಳಿಗ್ಗೆ ಆಡಿವ್ನಿ. ಸಾಕು ಸಾ, ನೀವು ಮಾಡಿ.”

“ಅವಳಿಗೆ ಏನೂ ನೋವಾಗಲ್ಲ.”

“ಗೊತ್ತು ಸಾ. ಒಂದ್ ಮಾತು. ಇದಾದ್ಮೇಲೆ ಅವ್ಳು ನಮ್ಮನ್ನ ಮರೆಯಾಕಿಲ್ಲ ತಾನೆ?”

ಇಲ್ಲಿ ನಾನು ನಿಂತೆ. ಇದೇನು ಮಾತು ಅನ್ನಿಸಿತು. ನಲವತ್ತು ದಿನಕ್ಕೊಮ್ಮೆ ಮರೆಯುವ ಮಗುವಿನ ತಾಯಿ ‘ಇದಾದ ಮೇಲೆ ಮರೆಯಲ್ಲ ತಾನೆ’ ಎಂದರೆ ಅದಕ್ಕೆ ಬೇರೆ ಅರ್ಥ ಇರಬಹುದಲ್ಲ ಎಂದು ತಲೆಯೊಳಗೆ ಒಂದು ಹುಳ ಎದ್ದಿತು. ನೀವು ಕೇಳುತ್ತಿರುವುದು ಏನಮ್ಮ ಎಂದು ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಅವಳ ಮನಸ್ಸು ಬದಲಾದೀತು, ಇನ್ನೂ ಮೂರು ವರ್ಷ ಆ ಮಗು ಜ್ವರ ಬಿಡ್ತಾ ಎಂದು ಕೇಳುತ್ತಲೇ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಪರಲೋಕದ ಮಾತಾಡುತ್ತಿದ್ದಾಳೆ ಪಾಪ ಎಂದು ಅರ್ಥ ಹಚ್ಚಿಕೊಂಡೆ.

“ಇಲ್ಲಮ್ಮ. ಇನ್ನೆಂದೂ ಮರೆಯಲ್ಲ,” ಎಂದೆ. “ನಿಮ್ಮ ಬಾಯಿಂದ ಒಂದ್ಸಲ ಹೇಳಿಬಿಡಿ.”

“ಏನಂತ ಸಾ?”

“ಅರ್ಜಿಯಲ್ಲಿ ಬರೆದಿದ್ದೀರಲ್ಲ, ಅದೇ.”

“ಓ. ನಮ್ ಮಗೀನ ದೊಡ್ಡದು ಮಾಡಿ ಸಾ,” ಎಂದಳು. ದನಿಯಲ್ಲಿ ಸಂತೋಷವಿತ್ತು. ಸಮಾಧಾನ ಇರಬೇಕು ಅಂದುಕೊಂಡೆ.

ಆಜ್ಞೆ ತೆರೆದುಕೊಂಡಿತು. ನಾನು ದವನಳ ಹೆಸರು ಆರಿಸಿ ಒತ್ತಿದೆ. ಅಲ್ಲಿ ಪಾವಗಡದಲ್ಲಿ ಅವಳು ಆಗ ಏನೋ ಚಿತ್ರ ಬಿಡಿಸುತ್ತಿದ್ದಳು. ಪಕ್ಕದ ಪರದೆಯಲ್ಲಿ ಬಣ್ಣದ ಗೆರೆ ಓಡುತ್ತಿದ್ದದ್ದು ನಿಂತಿತು. ಮೊದಲು ಅವಳು ನಿಂತುಹೋದಳು, ಆಮೇಲೆ ಅವಳ ವಿವರ ಹೋಯಿತು, ಆಮೇಲೆ ಜಾಗಕ್ಕೆಲ್ಲ ಸೊನ್ನೆ ತುಂಬಿತು, ದುರ್ಗದ ನಕಲು ಹೋಯಿತು, ಅಣೆಕಟ್ಟಿನದೂ ಹೋಯಿತು. ಇಷ್ಟಕ್ಕೂ ಹಿಡಿದದ್ದು ನಾಲ್ಕು ನಿಮಿಷ. ನಾನು ಎದ್ದು ಹೋಗಿ ಟೀ ಕುಡಿದೆ.

ಗುರುವಾರ ಬೆಳಿಗ್ಗೆ ಅವಳೇ ಫೋನು ಮಾಡಿದಳು.

“ಸಾ, ಆಯ್ತಾ?”

“ಆಯ್ತಮ್ಮ. ನಿನ್ನೇನೇ ಆಯ್ತು. ಧೈರ್ಯವಾಗಿರಿ.”

“ಧೈರ್ಯಕ್ಕೇನ್ ಬುಡಿ ಸಾ. ಅಂಗಾರೆ ಕೊಡಿ, ಮಾತಾಡ್ತೀನಿ. ಎರಡ್ನೇ ಕ್ಲಾಸಿನ್ ಪುಸ್ತಕ ತಂದಿವ್ನಿ, ಇವತ್ತಿಂದ್ಲೇ ಸುರು ಮಾಡಾನ ಅಂತ.”

ಫೋನು ಹಿಡಿದುಕೊಂಡೇ ಫೈಲು ತೆಗೆದು ಆ ಸುತ್ತೋಲೆಯ ಎರಡನೆಯ ಪುಟ ತಿರುಗಿಸಿದೆ. ಮಕ್ಕಳು ಬೆಳೆಯಲು ಜಾಗ ಹೆಚ್ಚಿಸುವ ಮಾತು ಅಲ್ಲಿತ್ತು. ಆ ಕಡೆಯಿಂದ ಅವಳು “ಸಾ? ಸಾ?” ಎನ್ನುತ್ತಿದ್ದಳು. ಲೈನಿನಲ್ಲಿ ತೊಂದರೆ ಇದೆ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ನಿಜ ಹೇಳಲು ಮಧ್ಯಾಹ್ನ ಬೇರೆಯವರು ಹೋದರು. ನಾನು ಹೋಗಲಿಲ್ಲ.

ಮೂರು ವಾರ ಕಳೆದು ವಿಚಾರಣೆ ನಡೆಯಿತು. ನಡೆಸಿದವರು ಕರಾವಳಿಯ ಕಡೆಯ ಒಬ್ಬ ಅಧಿಕಾರಿ, ದಿವಾಕರ ಶೇಟ್. ದೀಪ ದೊಡ್ಡದು ಮಾಡುವುದೆಂದರೆ ಏನೆಂದು ಅವರಿಗೂ ಗೊತ್ತಿರಲಿಲ್ಲ, ನಾನು ವಿವರಿಸಬೇಕಾಯಿತು. ನೇತ್ರಾವತಿ ಎದುರಿಗೆ ಕೂತಿದ್ದಳು, ಮೂವತ್ತೆರಡು ವರ್ಷದ ಸಣಕಲು ಹೆಂಗಸು. ಪಕ್ಕದಲ್ಲಿ ಗಂಡ ಗುರುಲಿಂಗ. ಅವಳು ಹುಟ್ಟಿ ಬೆಳೆದದ್ದೆಲ್ಲ ಪಾರ್ಕಿನ ವಸತಿಯಲ್ಲಿ. ಅಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧ. ಅವಳ ಮನೆಯ ದೇವರ ಮುಂದೆ ಇದ್ದದ್ದು ಗುಂಡಿ ಒತ್ತುವ ದೀಪ. ಎಣ್ಣೆಯ ದೀಪವನ್ನು ಅವಳು ಹಚ್ಚಿದವಳೂ ಅಲ್ಲ, ದೊಡ್ಡದು ಮಾಡಿದವಳೂ ಅಲ್ಲ. ಅವಳು ಕೇಳಿದ್ದು ಎಲ್ಲ ತಾಯಂದಿರೂ ಆಡುವ ಮಾತು: ಮಗುವನ್ನು ಸಾಕಿ ದೊಡ್ಡದು ಮಾಡಬೇಕು ಎಂದು.

ದಾಖಲಾದ ದನಿ ಹಾಕಿದರು. ‘ನಮ್ ಮಗೀನ ದೊಡ್ಡದು ಮಾಡಿ ಸಾ.’

“ಇದು ನಿಮ್ಮ ದನಿಯಾ ಅಮ್ಮ?” ಎಂದರು ಶೇಟ್.

“ನಂದೇ ಸಾ,” ಎಂದಳು. ಗುರುಲಿಂಗ ಅವಳ ಕಡೆ ತಿರುಗಿ ನೋಡಿದ. ನೋಡಿದವನು ಕುರ್ಚಿಯನ್ನು ಒಂದು ಮೊಳ ಆ ಕಡೆಗೆ ಸರಿಸಿಕೊಂಡ.

“ಓಬಳೇಶ್ ಅವರೇ, ಮಾತಾಡುವಾಗ ನಿಮಗೆ ಯಾವ ಹಂತದಲ್ಲಾದರೂ ಅನುಮಾನ ಬಂತೇ?”

“ಇಲ್ಲ ಸರ್,” ಎಂದೆ.

ನಿಯಮದ ಪ್ರಕಾರ ನಡೆದಿದೆ, ಕೋರಿದವರ ಸ್ವಂತ ಮಾತಿದೆ, ಸಿಬ್ಬಂದಿಯ ಲೋಪವಿಲ್ಲ ಎಂದು ತೀರ್ಮಾನವಾಯಿತು. ಆಜ್ಞೆಯ ಹೆಸರನ್ನು ‘ಅಳಿಸು’ ಎಂದು ಬದಲಾಯಿಸಲು ಶಿಫಾರಸು ಮಾಡಿದರು. ಹೊರಗೆ ಪಡಸಾಲೆಯಲ್ಲಿ ನೇತ್ರಾವತಿ ನನ್ನ ಹತ್ತಿರ ಬಂದಳು. ಹೊಡೆದರೆ ಹೊಡೆಯಲಿ ಎಂದು ನಿಂತೆ.

“ನೀವೇನ್ ಮಾಡೀರಿ ಸಾ. ನಾನೇ ಅಂದ್ನಲ್ಲ,” ಎಂದು ಕೈ ಮುಗಿದು ಹೋದಳು.

ವಿಚಾರಣೆಯಲ್ಲಿ ನಡೆದದ್ದನ್ನೆಲ್ಲ ಮನೆಗೆ ಬಂದು ಹೇಳಿದೆ. ಪಾರಿಜಾತ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು.

“ನಿಜವಾಗ್ಲೂ ಅನುಮಾನ ಬರ್ಲಿಲ್ವಾ?”

ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳು. ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಹೇಗೆ? ಬಂದಿತ್ತು ಎಂದೆ.

ಅವಳು ಅವರೆಕಾಯಿಯ ಮೊರವನ್ನು ಬದಿಗೆ ಸರಿಸಿದಳು. ಆಮೇಲೆ, “ಮಗು ಕಳ್ಕಂಡವ್ಳು ನಾನು. ಆಗ ನನ್ ನಾಲಿಗೆಯಿಂದ್ಲೇ ಹೋಯ್ತು ಅಂತ ಯಾರಾದ್ರೂ ಅಂದಿದ್ರೆ ನಾನು ಬಾವಿ ನೋಡ್ಕತಿದ್ದೆ. ಹೋಗಿ ಹೇಳ್ಬಿಟ್ಟು ಬನ್ನಿ,” ಎಂದಳು.

ನಾನು ಹೋಗಲಿಲ್ಲ. ನಾಳೆ, ನಾಡಿದ್ದು ಎಂದು ನಾಲ್ಕು ತಿಂಗಳು ತಳ್ಳಿದೆ. ಪಾರಿಜಾತ ಮತ್ತೆ ಆ ಮಾತೆತ್ತಲಿಲ್ಲ. ಬೇರೆ ಮಾತನ್ನೂ ಕಡಿಮೆ ಮಾಡಿದಳು. ಎದುರಿಗೆ ಕೂತು ಉಣ್ಣುವುದನ್ನು ಬಿಟ್ಟಳು. ಕೊನೆಗೆ ಒಂದು ಸೋಮವಾರ ರಜೆ ಹಾಕಿ ಪಾವಗಡದ ಬಸ್ಸು ಹತ್ತಿದೆ. ಒಳ್ಳೆಯವನಾಗಲು ಹೋದೆ ಎಂದುಕೊಳ್ಳಬೇಡಿ. ಮನೆಯಲ್ಲಿ ಕೂರಲಾಗದೆ ಹೋದೆ.

ಪಾರ್ಕು ಕಣ್ಣು ಹರಿಯುವಷ್ಟು ದೂರ ಹರಡಿತ್ತು. ಹತ್ತೊಂಬತ್ತು ವರ್ಷ ನಾನು ಆಳಿದ ಯಂತ್ರಗಳು ಆ ನೆಲದಡಿಯಲ್ಲೇ ಗುಂಯ್ ಎನ್ನುತ್ತಿದ್ದವು. ನೇತ್ರಾವತಿ ಎಲ್ಲಿ ಎಂದು ಕೇಳಿದ್ದಕ್ಕೆ ಒಬ್ಬ ಹೆಂಗಸು ಮೂರನೆಯ ಸಾಲಿನ ಕಡೆ ಕೈ ತೋರಿಸಿದಳು.

“ಆಯಮ್ಮ ಮಾತಾಡಾಕಿಲ್ಲ ಕಣ್ ಸಾಮಿ. ಮಗೀನ ಬಾಯ್ನಾಗೇ ಕೊಂದೆ ಅಂತ ಗಂಡ ಬುಟ್ಟೋದ. ಅವತ್ನಿಂದ ಬಾಯೇ ಬುಟ್ಟಿಲ್ಲ.”

ಹೋಗಿ ಅವಳ ಎದುರು ನಿಂತೆ. ಗುರುತು ಹಿಡಿದಳು. ಪೈಪನ್ನು ಕೆಳಗಿಟ್ಟಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಕೆಟ್ಟಿತು.

“ತಪ್ಪು ನಿಮ್ಮದಲ್ಲಮ್ಮ,” ಎಂದೆ. “ಮರೆಯಲ್ಲ ತಾನೆ ಅಂತ ಕೇಳಿದಿರಲ್ಲ, ಆಗಲೇ ನನಗೆ ಅನುಮಾನ ಬಂದಿತ್ತು. ಒಂದು ಮಾತು ಕೇಳಬಹುದಿತ್ತು. ಬೇಕಂತಲೇ ಕೇಳಲಿಲ್ಲ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ.”

ಅವಳ ತುಟಿ ಅಲುಗಿತು. ನಾಲ್ಕು ತಿಂಗಳು ಆಡದ ಗಂಟಲು ಮೊದಲ ಸಲ ದನಿ ಕೊಡಲಿಲ್ಲ. ಎರಡನೆಯ ಸಲ ಮಾತು ಬಂತು.

“ಇದ್ನ ನಮ್ಮೆಜಮಾನ್ರ ಮುಂದೆ ಯೋಳ್ತೀರಾ?”

ಹೇಳುತ್ತೇನೆ ಎಂದೆ. ಅವಳು ಮುಂದೆ ಮುಂದೆ ಬಿರಬಿರನೆ ನಡೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಕೂದಲು ಸರಿಮಾಡಿಕೊಂಡಳು. ಗುರುಲಿಂಗ ಈಗ ಪಾರ್ಕಿನ ಇನ್ನೊಂದು ತುದಿಯಲ್ಲಿ ಕೆಲಸ ಮಾಡುತ್ತಿದ್ದ. ಒಂದು ಮೈಲಿ ಇರಬಹುದು. ದಾರಿಯುದ್ದಕ್ಕೂ ಅವಳು ಎರಡು ಸಲ ಹಿಂದಿರುಗಿ ನಾನು ಬರುತ್ತಿದ್ದೇನೆಯೇ ಎಂದು ನೋಡಿಕೊಂಡಳು.

ಅವನು ಫಲಕದ ಕಾಲಿಗೆ ಒರಗಿ ಮುದ್ದೆ ಮುರಿಯುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ನನ್ನ ಮಗನ ವಿಷಯವನ್ನೂ ಹೇಳಿದೆ. ಬೇಕಾದರೆ ಬರೆದುಕೊಡುತ್ತೇನೆ, ಸಹಿ ಹಾಕುತ್ತೇನೆ, ಕೆಲಸ ಹೋದರೂ ಹೋಗಲಿ ಎಂದೆ. ನೇತ್ರಾವತಿ ನನ್ನ ಮುಖ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು.

ಅವನು ತುತ್ತು ನುಂಗಿ ನೀರು ಕುಡಿದ.

“ಆ ಮಾತು ಅಂದೋರ್ ಯಾರು ಸಾ?”

“ಅಂದದ್ದು ಅವರೇ. ಆದರೆ ಅವರ ಅರ್ಥ…”

“ಅರ್ಥ ಇರ್ಲಿ ಬುಡಿ. ಅವತ್ತು ಅಲ್ಲಿ ಆಕುದ್ರಲ್ಲ, ಆ ದನಿ ದಿನಾ ಕಿವ್ಯಾಗೆ ಐತೆ. ಇವ್ಳು ಬಾಯಿ ತೆಗುದ್ರೆ ಅದೇ ಕೇಳ್ತದೆ.” ಊಟದ ಡಬ್ಬಿ ಮುಚ್ಚಿದ. “ನಿಮ್ದೂ ತಪ್ಪು ಐತೆ ಅಂತೀರಾ, ಸರಿ, ಇರ್ಲಿ. ನಾನೇನ್ ಮಾಡ್ಲಿ?”

ನೇತ್ರಾವತಿ ಒಂದು ಹೆಜ್ಜೆ ಮುಂದೆ ಬಂದಳು. ಏನೋ ಹೇಳಲು ಬಾಯಿ ತೆರೆದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಸಿಟ್ಟಿನಿಂದಲ್ಲ, ಕಾದದ್ದು ತಾಗಿದವನಂತೆ.

ಅವಳು ಬಾಯಿ ಮುಚ್ಚಿದಳು. ಬಂದ ದಾರಿಯಲ್ಲೇ ತನ್ನ ಸಾಲಿನ ಕಡೆ ನಡೆದಳು. ಈ ಸಲ ನಾನು ಹಿಂದೆ ಬರುತ್ತಿದ್ದೇನೆಯೇ ಎಂದು ನೋಡಲಿಲ್ಲ.